ಮೂರು ಒರಿಜಿನಲ್ಲು, ಒಂದು ಓವನ್ನು

ಒರಿಜಿನಲ್ ಸಾಹೇಬರಿಗೆ ಆ ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಜನರ ಸರಕನ್ನು ಹಡಗಿನಲ್ಲಿ ಕಳಿಸುವ, ತರಿಸುವ ಕಂಪನಿಯೊಂದರಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಕಾಗದಪತ್ರದ ಮೇಜಿಗೆ ಕೂತಿದ್ದರು. ಇಷ್ಟು ವರ್ಷದಲ್ಲಿ ಹಡಗನ್ನು ಹತ್ತಿರದಿಂದ ನೋಡಿದ್ದು ಎರಡೇ ಸಲ, ಎರಡು ಸಲವೂ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸಿ ವಾಪಸು ಬಂದಿದ್ದರು. ಆದರೆ ಹಡಗಿನ ಕಾಗದದ ವಿಷಯದಲ್ಲಿ ಅವರನ್ನು ಮೀರಿಸುವವರು ಯಾರೂ ಇರಲಿಲ್ಲ. ಹಾಗೆಂದು ಅವರೇ ಎಲ್ಲರಿಗೂ ಹೇಳಿದ್ದರು.

ಅವರ ಜೀವವೆಲ್ಲ ಲೇಡಿಂಗ್ ಬಿಲ್ಲಿನಲ್ಲಿತ್ತು. ನಿಮ್ಮ ಸರಕನ್ನು ಹಡಗಿಗೆ ಹತ್ತಿಸಿಕೊಂಡಿದ್ದೇವೆ ಎಂದು ಹಡಗಿನ ಕಂಪನಿ ಬರೆದುಕೊಡುವ ಕಾಗದ ಅದು. ಮೂರು ಒರಿಜಿನಲ್ ಇರುತ್ತವೆ. ಅದರಲ್ಲಿ ಯಾವುದಾದರೂ ಒಂದರ ಬೆನ್ನಿಗೆ ಸಹಿ ಹಾಕಿ ಈ ದಡದಲ್ಲಿರುವ ಹಡಗಿನ ಏಜೆಂಟರ ಕೌಂಟರಿಗೆ ಕೊಟ್ಟರೆ, ಅವರು ಡೆಲಿವರಿ ಆರ್ಡರ್ ಬರೆದುಕೊಡುತ್ತಾರೆ, ಸರಕು ನಿಮ್ಮದಾಗುತ್ತದೆ. ಕೊಡಲಿಲ್ಲವೋ, ಪೆಟ್ಟಿಗೆಯ ಮೇಲೆ ನಿಮ್ಮ ಹೆಸರನ್ನು ಮೊಳದುದ್ದ ಬರೆದಿದ್ದರೂ ನೀವು ಬೇಲಿಯಾಚೆ ನಿಂತು ಅದನ್ನು ಕಣ್ತುಂಬ ನೋಡಬಹುದು, ಅಷ್ಟೇ.

ಇಂಥ ಕಾಗದವನ್ನು ಯಾವ ಯಾವ ಕಾರಣಕ್ಕೆ ತಿರುಗಿಸಿ ಕಳಿಸಬಹುದು ಎಂದು ಸಾಹೇಬರು ಒಂದು ಪಟ್ಟಿ ಮಾಡಿದ್ದರು. ಒಟ್ಟು ಮೂವತ್ತೊಂದು ಕಾರಣ. ಒಂದನೆಯದು ಹೆಸರಿನಲ್ಲಿ ತಪ್ಪು, ನಾಲ್ಕನೆಯದು ಕಲೆ, ಹನ್ನೊಂದನೆಯದು ಮೂಲೆ ಮಡಚಿರುವುದು. ಮೂವತ್ತಕ್ಕೆ ಬರುವ ಹೊತ್ತಿಗೆ ಕಾರಣಗಳು ಖಾಲಿಯಾಗಿದ್ದವು, ಆದರೆ ಕಾಗದದಲ್ಲಿ ಇನ್ನೊಂದು ಸಾಲಿನ ಜಾಗವಿತ್ತು. ಹಾಗಾಗಿ ಮೂವತ್ತೊಂದನೆಯದು ಹೀಗಿತ್ತು: ಮೇಲಿನ ಯಾವುದಕ್ಕೂ ಸೇರದಿದ್ದರೂ, ಪರಿಶೀಲಿಸುವವರ ಮನಸ್ಸಿಗೆ ಒಪ್ಪದಿರುವುದು.

ಒಂದು ಸಲ ಒಬ್ಬ ಪಾರ್ಕಿನವನು ಮಕ್ಕಳು ಕೂತು ಸುತ್ತುವ ಮರದ ಕುದುರೆಗಳನ್ನು ತರಿಸಿದ್ದ. ಅವನ ಕಾಗದದ ಮೇಲೆ ಚಹಾ ಲೋಟದ ಒಂದು ಉಂಗುರ ಬಿದ್ದಿತ್ತು. ಸಾಹೇಬರು ನಾಲ್ಕನೆಯ ಕಾರಣ ತೋರಿಸಿ ಕಾಗದ ತಿರುಗಿಸಿದರು. ಆಗ ಅವರ ಪಕ್ಕದ ಮೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಶಿಷ್ಯೆ, ನಂಬರೆಲ್ಲ ಓದೋಕೆ ಬರ್ತಿದೆಯಲ್ಲ ಸಾರ್ ಎಂದು ಮೆಲ್ಲಗೆ ಅಂದಿದ್ದಳು. ಓದಲು ಬಂದರೂ ಕಲೆ ಕಲೆಯೇ ಎಂದು ಸಾಹೇಬರು ಪಾಠ ಹೇಳಿದ್ದರು. ಕುದುರೆಗಳು ಬಿಡುಗಡೆಯಾಗಿ ಪಾರ್ಕಿಗೆ ಹೋಗುವಷ್ಟರಲ್ಲಿ ಶಾಲೆಯ ರಜೆ ಮುಗಿದು ಮಕ್ಕಳೆಲ್ಲ ಕ್ಲಾಸಿನಲ್ಲಿ ಕೂತಿದ್ದರು. ಮರುತಿಂಗಳು ಶಿಷ್ಯೆ ಕೆಲಸ ಬಿಟ್ಟು ಹಡಗಿನ ಏಜೆಂಟರ ಆಫೀಸಿನ ಕೌಂಟರಿಗೆ ಸೇರಿಕೊಂಡಳು. ಒಳ್ಳೆಯ ಕುರ್ಚಿ ಸಿಕ್ಕಿತೆಂದು ಹೋದಳು ಎಂದುಕೊಂಡ ಸಾಹೇಬರು, ಬೀಳ್ಕೊಡುಗೆಗೆ ಮೂವತ್ತೊಂದು ಕಾರಣದ ಪಟ್ಟಿಯ ಒಂದು ಪ್ರತಿಯನ್ನೇ ಉಡುಗೊರೆ ಕೊಟ್ಟರು.

ಈ ಮನುಷ್ಯ ಮನೆಗೆ ಬಂದ ಮೇಲಾದರೂ ಬಂದರು ಬಿಟ್ಟು ಬರುತ್ತಿದ್ದರೆ ಹೆಂಡತಿ ಹೇಗೋ ಸಹಿಸಿಕೊಳ್ಳುತ್ತಿದ್ದಳು. ತರಕಾರಿ ತನ್ನಿ ಅಂದರೆ, ಗೇಟಿನವರೆಗೆ ತರಬೇಕೋ ಅಡುಗೆಮನೆಯವರೆಗೋ, ನಡುವೆ ಚೀಲ ಹರಿದರೆ ಯಾರ ಹೊಣೆ ಎಂದು ಮೊದಲೇ ಇತ್ಯರ್ಥವಾಗಬೇಕಿತ್ತು. ಒಮ್ಮೆ ಹಾಲು ಉಕ್ಕುತ್ತಿತ್ತು. ಗ್ಯಾಸ್ ಹಚ್ಚಿದ್ದು ಅವಳು, ನೋಡಿಕೊಳ್ಳುತ್ತೇನೆ ಅಂದದ್ದು ಇವರು. ಎಫ್‌ಒಬಿ ಎಂಬ ಕರಾರಿನಲ್ಲಿ ಸರಕು ಹಡಗು ಹತ್ತುವವರೆಗೆ ಮಾರಿದವನ ಹೊಣೆ, ಹತ್ತಿದ ಮೇಲೆ ಕೊಂಡವನ ಹೊಣೆ, ಆದ್ದರಿಂದ ಈ ಹಾಲಿನ ಹೊಣೆ ಯಾವ ಗಳಿಗೆಯಲ್ಲಿ ಕೈ ಬದಲಾಯಿಸಿತು ಎನ್ನುವುದೇ ಪ್ರಶ್ನೆ ಎಂದು ಸಾಹೇಬರು ಹಾಲು ನೆಲಕ್ಕಿಳಿಯುವವರೆಗೂ ವಿವರಿಸಿದರು. ಒರೆಸಿದ್ದು ಹೆಂಡತಿ.

ಹೆಂಡತಿ ಹದಿನೆಂಟು ವರ್ಷ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದಿದವಳು. ಈಗ ಮನೆಯಿಂದ ಎರಡು ಬೀದಿ ಆಚೆ ತನ್ನದೇ ಒಂದು ಅಂಗಡಿ ಹಿಡಿದಿದ್ದಳು. ಗೋಡೆಗೆ ಬಣ್ಣ ಹೊಡೆಸಿಯಾಗಿತ್ತು, ಹಿಟ್ಟಿನ ಮೂಟೆ ಬಂದಿಳಿದಿತ್ತು, ಒಳಗೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆಯೊಂದು ಬರಿದಾಗಿ ಕಾಯುತ್ತಿತ್ತು. ಆ ಕಟ್ಟೆಯ ಮೇಲೆ ಕೂರಬೇಕಾದ ಓವನ್ನು ಸಮುದ್ರ ದಾಟಿ ಬರಬೇಕಿತ್ತು. ಆಸ್ಪತ್ರೆಯ ಕ್ಯಾಂಟೀನಿನವರು ದಿನಕ್ಕೆ ನಲವತ್ತು ಬ್ರೆಡ್ಡು ಬೇಕು ಅಂದಿದ್ದರು. ಎರಡು ಸಲ ಇವಳಿಗಾಗಿ ತಾರೀಕು ಮುಂದೂಡಿದ್ದರು. ಬರುವ ಸೋಮವಾರ ಬೆಳಿಗ್ಗೆ ಬ್ರೆಡ್ಡು ಬರದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದು ಅಡುಗೆಯವರು ಸಂಕಟದಿಂದಲೇ ಹೇಳಿ ಕಳಿಸಿದ್ದರು.

ಓವನ್ನು ಮಾರಿದ ಕಾರ್ಖಾನೆಯವರು ಒಳ್ಳೆಯ ಜನ. ಹಣ ಪೂರ್ತಿ ಬಂದಿದೆ, ಒರಿಜಿನಲ್ ಕಾಗದವನ್ನೆಲ್ಲ ಇಲ್ಲೇ ಹಡಗಿನವರಿಗೆ ಒಪ್ಪಿಸಿಬಿಡುತ್ತೇವೆ, ಅವರು ಅಲ್ಲಿಗೆ ಒಂದು ಸಂದೇಶ ಕಳಿಸುತ್ತಾರೆ, ನೀವು ಕಾಗದವೇ ಇಲ್ಲದೆ ಸರಕು ಬಿಡಿಸಿಕೊಳ್ಳಬಹುದು ಎಂದು ಬರೆದಿದ್ದರು. ಅದೇ ಸಲೀಸಲ್ಲವಾ ಎಂದು ಹೆಂಡತಿ ಕೇಳಿದಳು. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಒರಿಜಿನಲ್ ಕೇಳುವ ತನ್ನ ಮನೆಯ ಸರಕೇ ಬರೀ ಸಂದೇಶದ ಮೇಲೆ ಬಂದರೆ ನಾಳೆ ಜನಕ್ಕೆ ಮುಖ ಹೇಗೆ ತೋರಿಸುವುದು? ಇದೊಂದನ್ನು ನನ್ನ ಕೈಗೆ ಬಿಡು ಎಂದು ಹೇಳಿ, ಮೂರೂ ಒರಿಜಿನಲ್ ಕೊರಿಯರಿನಲ್ಲಿ ಮನೆಗೇ ಬರಲಿ ಎಂದು ಕಾರ್ಖಾನೆಗೆ ಕಟ್ಟುನಿಟ್ಟಾಗಿ ಬರೆದರು. ಸರಕು ಸೇರಬೇಕಾದ ಕನ್ಸೈನಿ ಎಂಬಲ್ಲಿ ಹೆಂಡತಿಯ ಹೆಸರು ಬಂತು. ಅದರ ಕೆಳಗೆ ನೋಟಿಫೈ ಪಾರ್ಟಿ, ಎಂದರೆ ಸರಕು ಬಂದಾಗ ಸುದ್ದಿ ಮುಟ್ಟಿಸಬೇಕಾದವರು ಎಂಬಲ್ಲಿ, ಸಾಹೇಬರು ತಮ್ಮ ಹೆಸರು ಹಾಕಿಸಿಕೊಂಡರು.

ಇನ್ನು ಮಾವನವರ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಹೆಂಡತಿಯ ಅಪ್ಪ ಮೂವತ್ತು ವರ್ಷ ಕಾಲೇಜೊಂದರ ಎದುರಿಗೆ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟಿದ್ದವರು. ಅತ್ತೆ ತೀರಿಕೊಂಡ ಮೇಲೆ ಅಂಗಡಿ ಮಾರಿ ಮಗಳ ಮನೆಗೆ ಬಂದರು, ಲ್ಯಾಮಿನೇಷನ್ ಮಷೀನನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಪ್ಲಾಸ್ಟಿಕ್ಕಿನೊಳಗೆ ಹೋಗದ ಕಾಗದ ಕಾಗದವೇ ಅಲ್ಲ ಎಂಬುದು ಅವರ ನಂಬಿಕೆ. ಕರೆಂಟ್ ಬಿಲ್ಲು, ಮಾತ್ರೆ ಚೀಟಿ, ಬಸ್ಸಿನ ವೇಳಾಪಟ್ಟಿ ಎಲ್ಲ ಆ ಮನೆಯಲ್ಲಿ ಥಳಥಳ ಹೊಳೆಯುತ್ತಿದ್ದವು. ಒಮ್ಮೆ ದಿನಸಿ ಚೀಟಿಗೂ ಅದೇ ಗತಿಯಾಗಿ, ಆ ತಿಂಗಳು ಮನೆಯವರು ಸಕ್ಕರೆ ಸೇರಿಸಿ ಬರೆಯಲಾಗದೆ ಸಪ್ಪೆ ಚಹಾ ಕುಡಿದರು. ಸಾಹೇಬರು ಮಾವನಿಗೆ ಎದುರಾಡುತ್ತಿರಲಿಲ್ಲ, ಮೂಗು ಮುರಿಯುತ್ತಿದ್ದರು.

ಆದರೆ ಮಾವನಿಗೆ ಅಳಿಯನ ಮೇಲೆ ಅಪಾರ ಗೌರವ. ಕೊರಿಯರ್ ಬರುವ ಹಿಂದಿನ ದಿನ ಸಾಹೇಬರು ಅವರನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಹೇಳಿದ್ದರು: ನಾಳೆ ಬರುವುದು ಕಾಗದವಲ್ಲ, ಓವನ್ನೇ ಎಂದು ತಿಳಿಯಿರಿ. ಅದಕ್ಕೆ ನೀರು ತಾಗಬಾರದು, ಎಣ್ಣೆ ತಾಗಬಾರದು, ಕಲೆ ಬೀಳಬಾರದು, ಮೂಲೆ ಮಡಚಬಾರದು. ನಿಮ್ಮ ಮಗಳ ಬಾಳೆಲ್ಲ ಅದರಲ್ಲಿದೆ. ಮಾವ ಎಲ್ಲವನ್ನೂ ಕೈಕಟ್ಟಿ ಕೇಳಿಸಿಕೊಂಡರು.

ಬುಧವಾರ ಸಂಜೆ ಆರು ಗಂಟೆಗೆ ಸಾಹೇಬರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಾಗದ ಕೇಳಿದರು. ಮಾವ ಬೆಳಿಗ್ಗೆಯಿಂದ ಈ ಗಳಿಗೆಗೇ ಕಾದಿದ್ದವರಂತೆ ಒಳಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದು ತಂದರು. ಮೂರೂ ಒರಿಜಿನಲ್ಲು ಲ್ಯಾಮಿನೇಟ್ ಆಗಿದ್ದವು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ, ನಾಲ್ಕು ಅಂಚೂ ಬೆರಳಳತೆಗೆ ಸಮನಾಗಿ ಕತ್ತರಿಸಿದ್ದವು.

“ಇನ್ನು ಕಲೆ ಬಿದ್ದರೆ ಕೇಳಿ,” ಅಂದರು ಮಾವ.

ಸಾಹೇಬರು ಒಂದನ್ನು ತಿರುವಿ ನೋಡಿದರು. ಬೆನ್ನಿಗೆ ಸಹಿ ಬೀಳಬೇಕು. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರುತ್ತದೆ, ಮಾರ್ಕರಿನಲ್ಲಿ ಬರೆದರೆ ಬೆರಳಿಗೆ ಅಳಿಸಿ ಬರುತ್ತದೆ, ಅಳಿಸಿ ಬರುವ ಸಹಿ ಸಹಿಯೇ ಅಲ್ಲ, ಅದು ಇಪ್ಪತ್ತೆರಡನೆಯ ಕಾರಣ. ಹೊಸ ಕಾಗದ ಕೇಳೋಣವೆಂದರೆ ಹಳೆಯ ಮೂರನ್ನೂ ಕಡಲಾಚೆಗೆ ಕಳಿಸಿ ಹೊಸ ಮೂರನ್ನು ತರಿಸಬೇಕು. ಹತ್ತು ದಿನಕ್ಕೆ ಕಡಿಮೆಯಿಲ್ಲ. ಸೋಮವಾರಕ್ಕೆ ಉಳಿದದ್ದು ನಾಲ್ಕು ದಿನ, ಅದರಲ್ಲಿ ಓವನ್ನು ಕೂರಿಸಿ ಬಿಸಿ ಮಾಡಿ ನೋಡಲು ಎರಡು ದಿನ ಬೇಕು.

ಅವರು ಇಸ್ತ್ರಿಪೆಟ್ಟಿಗೆ ತರಿಸಿದರು. ಬಿಸಿ ಮಾಡಿದರೆ ಅಂಟು ಬಿಡುತ್ತದೆ ಎಂದು ಎಲ್ಲೋ ಕೇಳಿದ್ದರು. ಅಳಿಯಂದಿರೇ, ಹಾಗೆ ಮಾಡಬೇಡಿ, ಎಂದು ಮಾವ ಎರಡು ಸಲ ಅಂದರು. ಸಾಹೇಬರು ಕಿವಿಗೆ ಹಾಕಿಕೊಳ್ಳದೆ ಒಂದು ಒರಿಜಿನಲ್ಲನ್ನು ಇಸ್ತ್ರಿಗೆ ಕೊಟ್ಟು, ಹಲ್ಲು ಕಚ್ಚಿ ಎಳೆದರು. ಪ್ಲಾಸ್ಟಿಕ್ಕು ಬಂತು. ಅದರ ಜೊತೆಗೆ ಕಂಟೇನರ್ ನಂಬರು, ಸೀಲ್ ನಂಬರು, ಹೆಂಡತಿಯ ಹೆಸರು, ಹಡಗಿನವರ ಸಹಿ ಎಲ್ಲವೂ ತಲೆಕೆಳಗಾಗಿ ಎದ್ದು ಬಂದವು. ಕಾಗದ ಮಾತ್ರ ಹೊಸದಾಗಿ ಕೊಂಡದ್ದರ ಹಾಗೆ ಬೆಳ್ಳಗೆ ಉಳಿಯಿತು.

ಆಗ ಸಾಹೇಬರ ಬಾಯಿಂದ ಬರಬಾರದ ಮಾತು ಬಂತು.

“ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ ಮಾವ?”

ಮಾವ ಮೂಲೆಗೆ ಹೋಗಿ ಮಷೀನಿನ ವೈರು ಕಿತ್ತು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮಷೀನನ್ನು ಅದರ ಹಳೆಯ ರಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಿದರು. ಮಾವ ಬಂದ ಮೂರು ವರ್ಷದಲ್ಲಿ ಆ ಡಬ್ಬಿಯ ಮುಚ್ಚಳ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಕ್ಷಮಿಸಿ ಎನ್ನುವ ಮಾತು ಸಾಹೇಬರ ಪಟ್ಟಿಯಲ್ಲಿ ಇರಲಿಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ಕೂಗಾಡುವವಳಲ್ಲ. ಕೂಗಾಡಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಅಪ್ಪನಿಗೆ ಏನೂ ಅನ್ನಬೇಡಿ. ಕಾಗದವೇ ಬೇಡ ಅಂತ ನಾನು ಹೇಳಿದ್ದೆ. ಬೇಕು ಅಂದವರು ನೀವು,” ಅಂದಳು. ಆಮೇಲೆ, “ಹದಿನೆಂಟು ವರ್ಷ ಬೇರೆಯವರ ಓವನ್ನಿಗೆ ಮುಖ ಸುಟ್ಟುಕೊಂಡೆ ರೀ. ಒಂದು ಸಲ ನನ್ನದಕ್ಕೆ ಸುಟ್ಟುಕೊಳ್ಳಬೇಕು ಅಂತ ಆಸೆ ಇತ್ತು,” ಅಂದಳು.

ಹೊಣೆ ಯಾವ ಗಳಿಗೆಯಲ್ಲಿ ಕೈ ಬದಲಾಯಿಸಿತು ಎಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನನ್ನ ಕೈಗೆ ಬಿಡು ಅಂದ ಗಳಿಗೆಯಲ್ಲಿ.

ಸ್ವಲ್ಪ ಹೊತ್ತಾದ ಮೇಲೆ ಮಾವ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಒಂದು ಬ್ಲೇಡು, ಒಂದು ಉಕ್ಕಿನ ಸ್ಕೇಲು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು ಇತ್ತು. ಅವರು ಅಳಿಯನ ಕಡೆ ನೋಡದೆ ಮಗಳನ್ನೇ ಕೇಳಿದರು.

“ಸಹಿ ಎಷ್ಟು ಉದ್ದ ಮಾಡ್ತೀಯಮ್ಮ?”

ಅವಳು ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದಳು. ಮಾವ ಒರಿಜಿನಲ್ಲಿನ ಬೆನ್ನು ತಿರುವಿದರು. ಅಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಯಾರೂ ಓದದ ಷರತ್ತುಗಳಿದ್ದವು, ಅವುಗಳ ಕೆಳಗೆ ಎರಡು ಬೆರಳು ಖಾಲಿ ಜಾಗವಿತ್ತು. ಪೂರ್ತಿ ಬಿಚ್ಚುವುದು ಯಾಕೆ, ಸಹಿಗೆ ಬೇಕಾದಷ್ಟು ಒಂದು ಕಿಟಕಿ ತೆಗೆದರೆ ಸಾಲದೇ ಎಂದು ಅವರು ಕೇಳಿದರು. ಅಕ್ಷರವೇ ಇಲ್ಲದ ಕಡೆ ಎದ್ದು ಬರಲು ಏನಿದೆ? ಇಪ್ಪತ್ತಾರು ವರ್ಷದ ಅನುಭವಕ್ಕೆ ಹೊಳೆಯದ ಮಾತು ಅದು.

ಮಾವ ಬ್ಲೇಡು ಹಿಡಿದು ಕೂತರು. ಎರಡನೆಯ ಒರಿಜಿನಲ್ಲಿನ ಮೇಲೆ ಕೈ ಪಳಗಿಸಿಕೊಂಡರು, ಅದರಲ್ಲಿ ಕಾಗದ ಕೂದಲೆಳೆಯಷ್ಟು ಹರಿಯಿತು. ಹರಿದದ್ದು ಐದನೆಯ ಕಾರಣ ಎಂದು ಸಾಹೇಬರ ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಮೂರನೆಯದಕ್ಕೆ ಮಾವ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯ ಮೂತಿಯನ್ನಷ್ಟೇ ಸೋಕಿಸಿ, ಸ್ಕೇಲಿಟ್ಟು ನಾಲ್ಕು ಗೆರೆ ಎಳೆದು, ಗಾಯದ ಪಟ್ಟಿ ಬಿಚ್ಚುವಷ್ಟು ನಿಧಾನವಾಗಿ ಪ್ಲಾಸ್ಟಿಕ್ಕಿನ ಚೌಕ ಎಬ್ಬಿಸಿದರು. ಉಳಿದ ಅಂಟನ್ನು ರಬ್ಬರಿನಿಂದ ಉಜ್ಜಿ ತೆಗೆದರು. ಒಳಗೆ ಕಾಗದ ಕಂಡಿತು, ಬಿಳಿಯಾಗಿ, ಒಣಗಿ, ಸಹಿಗೆ ಸಿದ್ಧವಾಗಿ.

ಗುರುವಾರ ಬೆಳಿಗ್ಗೆ ಮೂವರೂ ಹಡಗಿನ ಏಜೆಂಟರ ಆಫೀಸಿಗೆ ಹೋದರು. ಅಲ್ಲಿ ಟೋಕನ್ ತೆಗೆದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯಬೇಕು. ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ಸಾಹೇಬರಿಂದ ಒಂದಲ್ಲ ಒಂದು ಸಲ ವಾಪಸು ಕಳಿಸಿಕೊಂಡವರು. ಒರಿಜಿನಲ್ ಸಾಹೇಬರೇ ಟೋಕನ್ ಹಿಡಿದು ಬಂದಿದ್ದಾರೆ ಎಂಬ ಸುದ್ದಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹರಿಯಿತು. ಏಳು ಸಲ ತಿರುಗಿಸಿ ಕಳಿಸಿಕೊಂಡಿದ್ದ ಬೇರೆಯವರ ಸರಕು ಬಿಡಿಸಿಕೊಡುವ ಒಬ್ಬ ಕ್ಲಿಯರಿಂಗ್ ಏಜೆಂಟನಂತೂ ಎದ್ದು, ಕೂತ್ಕೊಳ್ಳಿ ಸಾರ್, ಇಲ್ಲಿ ಹೊತ್ತಾಗುತ್ತೆ, ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅಷ್ಟು ಮರ್ಯಾದೆಯನ್ನು ಸಾಹೇಬರು ಜೀವನದಲ್ಲಿ ಕಂಡಿರಲಿಲ್ಲ.

ಕೌಂಟರಿನ ಗಾಜಿನ ಹಿಂದೆ ಶಿಷ್ಯೆ ಕೂತಿದ್ದಳು. ಈಗ ಕನ್ನಡಕ ಬಂದಿತ್ತು, ಕೆಳಗೆ ಇಬ್ಬರು ಸಹಾಯಕರಿದ್ದರು. ಅವಳ ಬೆನ್ನ ಹಿಂದಿನ ಗೋಡೆಗೆ ಮೂವತ್ತೊಂದು ಕಾರಣದ ಪಟ್ಟಿ ಅಂಟಿಸಿತ್ತು. ಅದನ್ನು ಕಂಡು ಸಾಹೇಬರ ಎದೆ ಉಬ್ಬಬೇಕಿತ್ತು, ಬದಲಿಗೆ ಧಸಕ್ಕೆಂದಿತು.

ಕಾಗದ ಗಾಜಿನ ಕೆಳಗಿನ ಸಂದಿನಲ್ಲಿ ಒಳಗೆ ಜಾರಿತು. ಮಾಮೂಲಿ ಕಾಗದ ಹಾಗೆ ಜಾರುವುದಿಲ್ಲ, ಇದು ಮೇಜಿನ ಆ ತುದಿಯವರೆಗೂ ಹೋಯಿತು. ಶಿಷ್ಯೆ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೆಳಕು ತಿರುಗಿ ಅವಳ ಕನ್ನಡಕಕ್ಕೇ ಬಿತ್ತು. ಸಾಹೇಬರು ಗಂಟಲು ಸರಿಮಾಡಿಕೊಂಡು, ವಿಷಯ ಏನೆಂದರೆ, ಎಂದು ಶುರು ಮಾಡಿದರು. ಅವಳು ಕೈಯೆತ್ತಿ ತಡೆದಳು.

“ಸಾರ್, ನೀವು ನೋಟಿಫೈ ಪಾರ್ಟಿ. ಸರಕು ಬಂತು ಅಂತ ನಿಮಗೆ ತಿಳಿಸಬೇಕಿತ್ತು, ತಿಳಿಸಿದ್ದೀವಿ. ಮಾತು ಕನ್ಸೈನಿ ಆಡಲಿ.”

ಈ ವಾಕ್ಯವನ್ನು ಕಲಿಸಿದ್ದು ಸಾಹೇಬರೇ. ಅವರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಹಿಂದಿನ ಕುರ್ಚಿಗಳಲ್ಲಿ ಯಾರೋ ಕೆಮ್ಮಿದರು, ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹೆಂಡತಿ ಸುತ್ತಿ ಬಳಸಲಿಲ್ಲ. ಇದು ಓವನ್ನು, ನನ್ನ ಅಂಗಡಿಗೆ ಬಂದದ್ದು, ಸೋಮವಾರ ಆಸ್ಪತ್ರೆಗೆ ನಲವತ್ತು ಬ್ರೆಡ್ಡು ಕೊಡಬೇಕು. ಕಾಗದ ಹಾಳಾಗಬಾರದು ಅಂತ ಅಪ್ಪ ಪ್ರೀತಿಯಿಂದ ಹೀಗೆ ಮಾಡಿದ, ಸಹಿಗೆ ಅವನೇ ಜಾಗ ಮಾಡಿಕೊಟ್ಟಿದ್ದಾನೆ ಎಂದಳು. ಕಿಟಕಿಯೊಳಗೆ ಅವಳ ಸಹಿ ಅಳತೆಗೆ ಸರಿಯಾಗಿ ಕೂತಿತ್ತು.

ಶಿಷ್ಯೆ ನಂಬರುಗಳನ್ನು ಒಂದೊಂದಾಗಿ ಕಂಪ್ಯೂಟರಿನ ಜೊತೆ ತಾಳೆ ನೋಡಿದಳು. ಸಹಿಯನ್ನು ಗುರುತಿನ ಚೀಟಿಯ ಜೊತೆ ತಾಳೆ ನೋಡಿದಳು. ಆಮೇಲೆ ಕುರ್ಚಿ ತಿರುಗಿಸಿ ಗೋಡೆಯ ಪಟ್ಟಿಯನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಹೆಸರು ತಪ್ಪಿಲ್ಲ. ಕಲೆ, ಬೀಳೋಕೆ ಸಾಧ್ಯವೇ ಇಲ್ಲ. ಮೂಲೆ ಮಡಚಿಲ್ಲ, ಇನ್ನು ಮಡಚೋಕೂ ಆಗಲ್ಲ. ಹುಳ ತಿಂದಿಲ್ಲ, ಒದ್ದೆಯಾಗಿಲ್ಲ. ಹೀಗೆ ಮೂವತ್ತೂ ಮುಗಿದವು. ಲ್ಯಾಮಿನೇಷನ್ ಎಂಬ ಪದ ಎಲ್ಲೂ ಬರಲಿಲ್ಲ. ಅಷ್ಟೆಲ್ಲ ಅನುಮಾನಪಟ್ಟ ಸಾಹೇಬರಿಗೂ ಅದೊಂದು ಹೊಳೆದಿರಲಿಲ್ಲ.

“ಉಳಿದದ್ದು ಮೂವತ್ತೊಂದು,” ಅಂದಳು ಶಿಷ್ಯೆ. “ನನ್ನ ಮನಸ್ಸಿಗೆ ಒಪ್ಪಬೇಕು.” ಅವಳು ಕನ್ನಡಕ ತೆಗೆದು ಸಾಹೇಬರನ್ನೇ ನೋಡಿದಳು. “ಈಗ ನೋಟಿಫೈ ಪಾರ್ಟಿನ ಒಂದು ಮಾತು ಕೇಳ್ತೀನಿ. ಈ ಕುರ್ಚಿಯಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ ಸಾರ್?”

ಸಾಹೇಬರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದೊಂದು ದೊಡ್ಡ ಕೊರತೆ. ಹೆಂಡತಿ ಅವರ ಮುಖ ನೋಡುತ್ತಿದ್ದಳು. ಅವರಿಗೆ ಮರದ ಕುದುರೆಗಳು ನೆನಪಾದವು. ಎರಡು ವಾರ ಬೇಲಿಯೊಳಗೆ ಪೆಟ್ಟಿಗೆಯಲ್ಲಿ ನಿಂತಿದ್ದ ಕುದುರೆಗಳು, ಹೊರಗೆ ದಿನಾ ಬಂದು ನಿಲ್ಲುತ್ತಿದ್ದ ಪಾರ್ಕಿನವನು. ಅವನ ಮುಖ ಇಷ್ಟು ದಿನ ನೆನಪೇ ಆಗಿರಲಿಲ್ಲ, ಈಗ ಅದು ಹೆಂಡತಿಯ ಮುಖದ ಹಾಗೆಯೇ ಇತ್ತು ಅನ್ನಿಸಿತು.

“ವಾಪಸ್ ಕಳಿಸ್ತಿದ್ದೆ,” ಅಂದರು.

ಹೆಂಡತಿ ತಲೆ ತಗ್ಗಿಸಿದಳು.

“ಕಳಿಸಿ ತಪ್ಪು ಮಾಡ್ತಿದ್ದೆ,” ಅಂದರು ಸಾಹೇಬರು. “ಹಿಂದೆಯೂ ಮಾಡಿದ್ದೀನಿ.”

ಅವರ ಕಿವಿ ಕೆಂಪಾಗಿತ್ತು. ಶಿಷ್ಯೆ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ಆಮೇಲೆ, ಕಾಗದ ಸರಿಯಾಗಿದೆ, ಸ್ವಲ್ಪ ಜಾಸ್ತಿಯೇ ಸರಿಯಾಗಿದೆ ಎಂದು ಹೇಳಿ ಸೀಲು ಎತ್ತಿ ಕುಕ್ಕಿದಳು.

ಸೀಲು ಜಾರಿತು. ಸ್ವೀಕರಿಸಲಾಗಿದೆ ಎಂಬ ನೀಲಿ ಅಕ್ಷರಗಳು ಪ್ಲಾಸ್ಟಿಕ್ಕಿನ ಮೇಲೆ ಉದ್ದಕ್ಕೆ ಹರಡಿ ಅವಳ ಅಂಗೈಗೆ ಬಂದವು. ಕಾಗದಕ್ಕೆ ಏನೂ ಆಗಲಿಲ್ಲ. ಅವಳು ಅಂಗೈ ನೋಡಿಕೊಂಡಳು, ಮೂವರನ್ನೂ ನೋಡಿದಳು. ಆಗ ಅಷ್ಟು ಹೊತ್ತೂ ಹಿಂದೆ ನಿಂತಿದ್ದ ಮಾವ ಜೇಬಿನಿಂದ ಕರವಸ್ತ್ರದ ಒಂದು ಗಂಟು ತೆಗೆದು ಬಿಚ್ಚಿದರು. ಬ್ಲೇಡು, ಸ್ಕೇಲು, ರಬ್ಬರು.

“ಸೀಲು ಎಷ್ಟು ಅಗಲ ಇದೆಯಮ್ಮ?” ಎಂದು ಗಾಜಿನ ಸಂದಿಗೆ ಬಗ್ಗಿ ಕೇಳಿದರು.

ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಸಹಾಯಕರೊಬ್ಬರು ತಮ್ಮ ಬಿಸಿ ಕಾಫಿಯ ಲೋಟವನ್ನು ಮಾವನ ಕೈಗೆ ಕೊಟ್ಟರು. ಒರಿಜಿನಲ್ ಲೇಡಿಂಗ್ ಬಿಲ್ಲಿನ ಮೇಲೆ ಕಾಫಿ ಲೋಟ ಇಡುವುದನ್ನು ಸಾಹೇಬರು ಕಣ್ಣಾರೆ ಕಂಡು, ಸುಮ್ಮನೆ ನಿಂತರು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಎದ್ದು ಬಂದು ಸುತ್ತುಗಟ್ಟಿದರು. ಚೌಕ ಎದ್ದು ಬಂದಾಗ ಕ್ಲಿಯರಿಂಗ್ ಏಜೆಂಟ್ ಚಪ್ಪಾಳೆ ತಟ್ಟಿದ. ಕಿಟಕಿಯ ನಡುವೆ ಸೀಲು ಠಕ್ಕೆಂದು ಬಿತ್ತು. ಒಂದು ಒರಿಜಿನಲ್ ಒಪ್ಪಿಸಿಯಾಯಿತು, ಉಳಿದ ಎರಡಕ್ಕೆ ಇನ್ನು ಬೆಲೆಯಿಲ್ಲ ಎಂದು ಶಿಷ್ಯೆ ನಿಯಮದ ಪ್ರಕಾರ ಕನ್ಸೈನಿಗೆ ಹೇಳಿ, ಡೆಲಿವರಿ ಆರ್ಡರ್ ಬರೆದುಕೊಟ್ಟಳು. ಅದನ್ನು ನಿಮ್ಮಪ್ಪನ ಕೈಗೆ ಮಾತ್ರ ಕೊಡಬೇಡಿ ಎಂದು ಸೇರಿಸಿದಳು.

ಶುಕ್ರವಾರ ಓವನ್ನು ಬಂತು, ಶನಿವಾರ ಕಟ್ಟೆಯ ಮೇಲೆ ಕೂತಿತು. ಅಂಗಡಿಯಲ್ಲಿ ಹೆಂಡತಿ ಹೇಳಿದ ಕಡೆ ಸಾಹೇಬರು ಹಿಟ್ಟಿನ ಮೂಟೆ ಹೊತ್ತರು. ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಲಿಲ್ಲ. ಬೆಲೆ ಕಳೆದುಕೊಂಡ ಒರಿಜಿನಲ್ಲುಗಳಲ್ಲಿ ಹರಿದದ್ದನ್ನು ಫೈಲಿಗೆ ಹಾಕೋಣವೆಂದು ಅವರು ಹುಡುಕಿದರೆ ಅದು ಹೆಂಡತಿಯ ಕೈಯಲ್ಲಿತ್ತು. ಅವಳು ಅದರ ಅಂಚಿನಿಂದ ಮೇಜಿಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ತುಂಬ ಚೆನ್ನಾಗಿ ಬರುತ್ತದೆ ರೀ, ಒಂಚೂರೂ ಅಂಟಲ್ಲ, ಅಂದಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯ ಹಿಂಬಾಗಿಲಿಗೆ ನಲವತ್ತು ಬ್ರೆಡ್ಡು ಒಯ್ದರು. ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ, ಸಾಹೇಬರು ಜೇಬಿನಲ್ಲಿ ಒಂದು ಚಲನ್ ಬರೆದಿಟ್ಟುಕೊಂಡಿದ್ದರು. ಮೂರು ಪ್ರತಿ ಬರೆಯಲು ಕೂತು ಒಂದಕ್ಕೇ ನಿಲ್ಲಿಸಿದ್ದರು ಎನ್ನುವುದನ್ನೂ ಹೇಳಬೇಕು. ಕ್ಯಾಂಟೀನಿನ ಅಡುಗೆಯವರು ಒಂದು ಬ್ರೆಡ್ಡನ್ನು ಅಂಗೈಯಲ್ಲಿಟ್ಟು ತೂಗಿ, ಮೂಸಿ, ಇನ್ನೂ ಬಿಸಿ ಇದೆಯಲ್ಲಮ್ಮ ಎಂದು ನಕ್ಕರು. ಸಹಿ ಬೇಕು ಅಂದಾಗ ಪಾತ್ರೆ ತೊಳೆದ ಕೈಯಲ್ಲೇ ಚಲನ್ ಹಿಡಿದು ಗೀಚಿದರು. ಕಾಗದದ ನಡುವಿಗೇ ಅವರ ಹೆಬ್ಬೆರಳಿನ ಒದ್ದೆ ಗುರುತು ಬಿತ್ತು, ಅದರ ಸುತ್ತ ಎಣ್ಣೆಯ ಒಂದು ಉಂಗುರ ಹರಡಿತು.

ಹೆಂಡತಿ ಗಂಡನ ಮುಖ ನೋಡಿದಳು. ಸಾಹೇಬರು ಚಲನ್ನನ್ನು ಎರಡೂ ಕೈಯಲ್ಲಿ ಹಿಡಿದು ಮನೆಯವರೆಗೂ ತಂದರು. ದಾರಿಯಲ್ಲಿ ಮಡಚಲಿಲ್ಲ, ಜೇಬಿಗೂ ಹಾಕಲಿಲ್ಲ.

ಮಾವ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಬುಧವಾರದಿಂದ ಅವರು ಏನನ್ನೂ ಲ್ಯಾಮಿನೇಟ್ ಮಾಡಿರಲಿಲ್ಲ. ಸಾಹೇಬರು ಮೂಲೆಗೆ ಹೋಗಿ, ರಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಮಷೀನನ್ನು ಎತ್ತಿ ತಂದು ಮಾವನ ಎದುರಿಗೆ ಇಟ್ಟರು. ವೈರಿನ ರಬ್ಬರ್ ಬ್ಯಾಂಡ್ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

“ಮಾವ, ಅವತ್ತು ಹಾಗೆ ಅನ್ನಬಾರದಿತ್ತು,” ಅಂದರು. “ಇದು ಅವಳ ಅಂಗಡಿಯ ಮೊದಲನೇ ಕಾಗದ. ಲ್ಯಾಮಿನೇಟ್ ಮಾಡಿಕೊಡ್ತೀರಾ?”

ಮಾವ ಚಲನ್ ತೆಗೆದುಕೊಂಡು, ಕಲೆಯ ಮೇಲೆ ಬೆರಳಾಡಿಸಿ ನೋಡಿದರು. ಮಷೀನಿನ ಸ್ವಿಚ್ಚು ಹಾಕಿದರು. ಅದು ಬಿಸಿಯಾಗುವವರೆಗೆ ಕಾಗದವನ್ನು ತಿರುವಿ, ಬೆನ್ನಿಗೆ ಇನ್ನೇನಾದರೂ ಬರೆಯುವುದಿದೆಯಾ ಎಂದು ಅಳಿಯನನ್ನು ಕೇಳಿದರು.